ಕಡಲ ಪಕ್ಕದ ಮನೆ: ಕಂಬಿಗೆ ಬಣ್ಣ ಬಳಿಯುವುದೋ, ಕಾಂಕ್ರೀಟನ್ನು ಸರಿ ಮಾಡುವುದೋ?

ಪಡುಗಡಲು

ಮನೆ ಕುಂದಾಪುರದ ಹತ್ತಿರ, ಸಮುದ್ರದಿಂದ ಸುಮಾರು 300 ಮೀಟರ್. ಕಟ್ಟಿ 22 ವರ್ಷ. ಮುರಕಲ್ಲಿನ ಗೋಡೆ, ಪಡುವಣ ಬದಿಗೆ ಆರ್‌ಸಿಸಿ ಪಿಲ್ಲರಿನ ಜಗಲಿ, 110 ಮಿ.ಮೀ. ಸ್ಲ್ಯಾಬ್. ಜಗಲಿಯ ಸ್ಲ್ಯಾಬಿನ ಅಡಿಭಾಗ ಹಕ್ಕಳೆ ಹಕ್ಕಳೆಯಾಗಿ ಉದುರಿ ಕಂಬಿ ಕಾಣುತ್ತಿದೆ. ಎರಡು ಪಿಲ್ಲರುಗಳ ಮೂಲೆಯಲ್ಲಿ ಮೇಲಿಂದ ಕೆಳಗೆ ಉದ್ದ ಬಿರುಕು. ಮುಂದೆ ಮಹಡಿ ಕಟ್ಟಲೆಂದು ತಾರಸಿಯಲ್ಲಿ ಬಿಟ್ಟ 16 ಮಿ.ಮೀ. ಪಿಲ್ಲರ್ ಕಂಬಿಗಳು ಸಿಪ್ಪೆ ಏಳುತ್ತಿವೆ. ಈಗ ಮೇಲೆ ಎರಡು ಕೋಣೆ ಕಟ್ಟುವ ಯೋಚನೆ. ಅಂಗಡಿಯಲ್ಲಿ ಹಸಿರು ಎಪಾಕ್ಸಿ ಲೇಪದ ಕಂಬಿ ತಗೊಳ್ಳಿ, ತುಕ್ಕಿನ ಮಾತೇ ಇಲ್ಲ ಅಂತಾರೆ. ಮೇಸ್ತ್ರಿ ಹೇಳುವುದು ಹಳೆಯದಕ್ಕೆ ಆಸಿಡ್ ಹಾಕಿ ತೊಳೆದು, ಸಿಮೆಂಟ್ ಹಾಲು ಬಳಿದು, ಪ್ಲಾಸ್ಟರ್ ಹೊಡೆದರೆ ಸಾಕು ಅಂತ. ಯಾರನ್ನು ನಂಬುವುದು ಮಾರಾಯ್ರೆ?

ಜಲ್ಲಿಲೆಕ್ಕ

ಆಸಿಡ್ ಮಾತ್ರ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವುದು ಹೈಡ್ರೋಕ್ಲೋರಿಕ್ ಆಸಿಡ್. ಕಂಬಿಯನ್ನು ತಿನ್ನುತ್ತಿರುವುದೇ ಕಡಲ ಉಪ್ಪಿನಲ್ಲಿರುವ ಕ್ಲೋರೈಡ್, ನೀವು ಅದನ್ನೇ ಬಾಟಲಿಯಲ್ಲಿ ತಂದು ಸುರಿದಂತಾಗುತ್ತದೆ. ತುಕ್ಕು ಕರಗಿ ಕಂಬಿ ಹೊಳೆಯುವುದು ನಿಜ. ಆದರೆ ಸುತ್ತಲಿನ ಕಾಂಕ್ರೀಟಿನ ರಂಧ್ರಗಳಿಗೆ ಇಳಿದದ್ದನ್ನು ಎಷ್ಟು ನೀರು ಹಾಕಿದರೂ ಪೂರ್ತಿ ತೊಳೆಯಲಾಗದು, ಜೊತೆಗೆ ಅಲ್ಲಿನ ಕ್ಷಾರವೂ ಹೋಗುತ್ತದೆ.

ಒಳ್ಳೆಯ ಕಾಂಕ್ರೀಟಿನ ಒಳಗಿನ ನೀರಿನ ಪಿಎಚ್ 12.5ರಿಂದ 13.5. ಅಷ್ಟು ಕ್ಷಾರದಲ್ಲಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳು ಆಕ್ಸೈಡ್ ಪೊರೆ ಕಟ್ಟಿಕೊಂಡು ಅದೇ ಕಂಬಿಯನ್ನು ಕಾಯುತ್ತದೆ. ಈ ಪೊರೆ ಎರಡು ರೀತಿಯಲ್ಲಿ ಕೆಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನ ಒಳಗಿಳಿದು ಪಿಎಚ್ 9ಕ್ಕಿಂತ ಕೆಳಗೆ ಬಂದರೆ ಪೊರೆ ಎಲ್ಲ ಕಡೆ ಒಟ್ಟಿಗೆ ಹೋಗಿ ಕಂಬಿ ಉದ್ದಕ್ಕೂ ಸಮನಾಗಿ ತುಕ್ಕು ಹಿಡಿಯುತ್ತದೆ. ಉಪ್ಪು ಬಂದರೆ ಪಿಎಚ್ ಚೆನ್ನಾಗಿದ್ದರೂ ಪೊರೆ ಅಲ್ಲಲ್ಲಿ ತೂತಾಗಿ, ಆ ತೂತಿನಲ್ಲಿ ಆಳದ ಗುಂಡಿ ಬೀಳುತ್ತದೆ. ಹೊರಗೆ ದೊಡ್ಡ ಬಿರುಕು ಕಾಣುವ ಮೊದಲೇ ಕಂಬಿಯ ಒಂದು ಜಾಗ ಅರ್ಧ ಆಗಿರಬಹುದು. ನಿಮ್ಮಲ್ಲಿ ಎರಡೂ ನಡೆದಿರುವ ಸಾಧ್ಯತೆ ಇದೆ. ಯಾವುದು ಎಷ್ಟು ಅಂತ ತಿಳಿಯದೆ ಸಾಮಾನು ಕೊಳ್ಳಬೇಡಿ.

ಬಯಲುಸೀಮೆ

ಉದುರುವುದು ಏಕೆ ಅಂತ ಕೇಳುವವರಿಗೆ: ತುಕ್ಕು ತಾನು ತಿಂದ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟ್ ಪದರ, ಸೀಳುತ್ತದೆ. ಸ್ಲ್ಯಾಬಿನ ಅಡಿಗೇ ಮೊದಲು ಯಾಕೆ? ಕೆಳಗಿನ ಕಂಬಿಜಾಲವನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡದೆ ಕಾಂಕ್ರೀಟ್ ಹಾಕುವುದು ನಮ್ಮ ಕಡೆಯೂ ಮಾಮೂಲಿ. ಜಲ್ಲಿ ಚೂರು, ಟೈಲ್ಸ್ ತುಂಡು ಸಿಕ್ಕಿಸಿರುತ್ತಾರೆ. ಜನ ತುಳಿದಾಗ ಅದು ಜಾರಿ ಕಂಬಿ ಸೆಂಟ್ರಿಂಗ್ ಶೀಟಿನ ಮೇಲೇ ಕೂರುತ್ತದೆ.

ಕವರಿನ ಲೆಕ್ಕ ಎಷ್ಟು ನಿಷ್ಠುರ ಅಂದರೆ, ಕಾರ್ಬೊನೇಷನ್ (ಇಂಗಾಲದ ಡೈಆಕ್ಸೈಡ್ ಕ್ಷಾರವನ್ನು ಕಳೆಯುವುದು) ಇಳಿಯುವ ಆಳ ವರ್ಷಗಳ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಸಾಧಾರಣ ಕಾಂಕ್ರೀಟಿಗೆ ಗುಣಾಂಕ 4 (ಆಳ ಮಿ.ಮೀ.ನಲ್ಲಿ = 4 × ವರ್ಷಗಳ ವರ್ಗಮೂಲ) ಎಂದಿಟ್ಟುಕೊಂಡರೆ 15 ಮಿ.ಮೀ. ಕವರನ್ನು 14 ವರ್ಷದಲ್ಲಿ ದಾಟುತ್ತದೆ, 30 ಮಿ.ಮೀ. ದಾಟಲು 56 ವರ್ಷ ಬೇಕು. ಕವರ್ ಎರಡು ಪಟ್ಟಾದರೆ ಆಯುಸ್ಸು ನಾಲ್ಕು ಪಟ್ಟು. ಇಷ್ಟು ಅಗ್ಗದ ರಕ್ಷಣೆ ಯಾವ ಡಬ್ಬದಲ್ಲೂ ಸಿಗುವುದಿಲ್ಲ.

ತುಕ್ಕುವೈದ್ಯ

ಮೊದಲು ಪರೀಕ್ಷೆ. ಸುತ್ತಿಗೆಯಿಂದ ಸ್ಲ್ಯಾಬಿನ ಅಡಿ, ಬೀಮು, ಪಿಲ್ಲರ್ ಎಲ್ಲ ಕಡೆ ಮೆಲ್ಲಗೆ ಬಡಿಯುತ್ತ ಹೋಗಿ. ಡೊಳ್ಳು ಸದ್ದು ಬಂದ ಕಡೆ ಚಾಕ್‌ನಿಂದ ಗುರುತು ಮಾಡಿ. ಕಣ್ಣಿಗೆ ಕಾಣುವ ಹಾನಿಗಿಂತ ಗುರುತಿನ ಜಾಗ ಬಹುತೇಕ ದೊಡ್ಡದಾಗೇ ಇರುತ್ತದೆ.

ಆಮೇಲೆ ಫಿನಾಲ್ಫ್ಥಲೀನ್. 100 ಮಿ.ಲೀ. ಆಲ್ಕೊಹಾಲಿನಲ್ಲಿ 1 ಗ್ರಾಂ ಕರಗಿಸಿದ ದ್ರಾವಣ ಸಾಕು. ಹೊಸದಾಗಿ ಒಡೆದ ಮುಖಕ್ಕೆ, ಧೂಳು ಊದಿ ತೆಗೆದು ಸಿಂಪಡಿಸಿ. ಗಾಢ ಗುಲಾಬಿ ಆದರೆ ಕ್ಷಾರ ಇದೆ. ಬಣ್ಣವೇ ಬರದಿದ್ದರೆ ಅಲ್ಲಿಯವರೆಗೆ ಕಾರ್ಬೊನೇಷನ್ ಇಳಿದಿದೆ. ಹಳೆಯ ಒಡಕಿನ ಮುಖಕ್ಕೆ ಹಾಕಿದರೆ ಉತ್ತರ ತಪ್ಪು ಬರುತ್ತದೆ, ನೀರು ಹಾಕಿ ಕೊರೆದ ಮುಖವೂ ಬೇಡ.

ಉಪ್ಪಿಗೆ ಡ್ರಿಲ್ ಪುಡಿ ತೆಗೆಯಬೇಕು. 0–10, 10–20, 20–30, 30–40 ಮಿ.ಮೀ. ಹೀಗೆ ಆಳದ ಪ್ರಕಾರ ಬೇರೆ ಬೇರೆ ಪೊಟ್ಟಣ. ಪ್ರತಿ ಸಲ ಬಿಟ್ ಮತ್ತು ತೂತು ಎರಡನ್ನೂ ಶುಚಿ ಮಾಡಬೇಕು, ಇಲ್ಲದಿದ್ದರೆ ಮೇಲಿನ ಉಪ್ಪು ಕೆಳಗಿನ ಮಾದರಿಗೆ ಸೇರುತ್ತದೆ. ಸಿವಿಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ವಿಚಾರಿಸಿ, 'ಆಸಿಡಿನಲ್ಲಿ ಕರಗುವ ಕ್ಲೋರೈಡ್' ಪರೀಕ್ಷೆ ಅಂತಲೇ ಕೇಳಿ. ಜಗಲಿ, ಒಳಕೋಣೆ, ಪಡುವಣ ಪಿಲ್ಲರ್, ಮೂರು ಕಡೆಯಾದರೂ ಬೇಕು. ಮುಖ್ಯವಾದ ಸಂಖ್ಯೆ ಕಂಬಿ ಇರುವ ಆಳದ್ದು.

ಕಂಬಿಯ ವಿದ್ಯುತ್ ವಿಭವ ಅಳೆಯುವ ಹಾಫ್-ಸೆಲ್ ಪರೀಕ್ಷೆಯನ್ನೂ ಮಾಡಿಸಬಹುದು. ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡಿಗೆ ಹೋಲಿಸಿ −350 ಮಿಲಿವೋಲ್ಟಿಗಿಂತ ಹೆಚ್ಚು ಋಣಾತ್ಮಕ ಇದ್ದರೆ ತುಕ್ಕು ನಡೆಯುತ್ತಿರುವ ಸಂಭವ ಶೇ. 90ಕ್ಕೂ ಹೆಚ್ಚು, −200ಕ್ಕಿಂತ ಕಡಿಮೆ ಋಣಾತ್ಮಕ ಇದ್ದರೆ ಇಲ್ಲದಿರುವ ಸಂಭವ ಅಷ್ಟೇ. ನಡುವಿನದು ಅನಿಶ್ಚಿತ. ಎಪಾಕ್ಸಿ ಲೇಪದ ಕಂಬಿಗೆ, ಪೂರ್ತಿ ಒಣಗಿದ ಕಾಂಕ್ರೀಟಿಗೆ ಈ ಓದು ನಂಬಬಾರದು.

ಸರಳುಸಾಮಾನು

ಎಪಾಕ್ಸಿ ಕಂಬಿಯನ್ನು ಎಲ್ಲರೂ ಸೇರಿ ಕಸಕ್ಕೆ ಹಾಕುವ ಮೊದಲು ಒಂದು ಮಾತು. ಅದಕ್ಕೆ ಐಎಸ್ 13620 ಎಂಬ ಭಾರತೀಯ ಮಾನಕ ಇದೆ. ಕಾರ್ಖಾನೆಯಲ್ಲಿ ಕಂಬಿಯನ್ನು ಉಜ್ಜಿ, ಬಿಸಿ ಮಾಡಿ, ಪುಡಿ ಎಪಾಕ್ಸಿ ಕರಗಿಸಿ ಅಂಟಿಸುತ್ತಾರೆ. ಹೊರದೇಶಗಳಲ್ಲಿ ಹಿಮ ಕರಗಿಸಲು ಉಪ್ಪು ಎರಚುವ ಸೇತುವೆಗಳ ಡೆಕ್‌ನಲ್ಲಿ ದಶಕಗಳಿಂದ ಬಳಸುತ್ತಿದ್ದಾರೆ. ಕಂಬಿ ಕೆಟ್ಟದ್ದಲ್ಲ, ಸೈಟಿನಲ್ಲಿ ಅದನ್ನು ಎಳೆದಾಡುವ ರೀತಿ ಕೆಟ್ಟದ್ದು.

ದೋಹಾಕನ್ನಡಿಗ

ಸೈಟಿನ ರೀತಿಯೂ ಆ ಸಾಮಾನಿನ ಗುಣದ ಒಂದು ಭಾಗವೇ ಅಲ್ಲವೇ ಸರ್? ಫ್ಲಾರಿಡಾ ಕೀಸ್ ದ್ವೀಪಸಾಲಿನ ಸೇತುವೆಗಳ ಕಂಬಗಳಿಗೆ ಎಪಾಕ್ಸಿ ಕಂಬಿ ಹಾಕಿದ್ದರು. ಕಟ್ಟಿ ಹತ್ತು ವರ್ಷವೂ ಆಗದೆ, 1986ರ ಹೊತ್ತಿಗೇ, ಅಲೆ ಚಿಮ್ಮುವ ಮಟ್ಟದಲ್ಲಿ ಲೇಪ ಸಡಿಲಾಗಿ ಅಡಿಯಲ್ಲಿ ತುಕ್ಕು ಕಂಡಿತು. ಲೇಪದಲ್ಲಿ ಸೂಜಿಮೊನೆಯಷ್ಟು ಗಾಯ ಇದ್ದರೂ ಉಪ್ಪು, ನೀರು ಅಲ್ಲಿಂದ ನುಗ್ಗಿ ಲೇಪದ ಅಡಿಯಲ್ಲೇ ಹರಡುತ್ತವೆ. ಒಣಗಲು ಬಿಡುವಿಲ್ಲದ ಬಿಸಿ ತೇವದ ಜಾಗದಲ್ಲಿ ಅದು ಇನ್ನೂ ಬೇಗ. ಕುಂದಾಪುರದ ಹವೆ ಹಿಮದ ಊರಿಗಿಂತ ಫ್ಲಾರಿಡಾಕ್ಕೇ ಹತ್ತಿರ.

ಹಾಕಲೇಬೇಕೆಂದರೆ ನಿಯಮ ಪೂರ್ತಿ ಪಾಲಿಸಬೇಕು: ಎತ್ತಲು ಬಟ್ಟೆಯ ಪಟ್ಟಿ, ಬಾಗಿಸುವ ಯಂತ್ರದ ಗೂಟಕ್ಕೆ ನೈಲಾನ್ ಹೊದಿಕೆ, ಕಟ್ಟಲು ಪ್ಲಾಸ್ಟಿಕ್ ಲೇಪದ ತಂತಿ, ಕತ್ತರಿಸಿದ ಪ್ರತಿ ತುದಿಗೆ ಮತ್ತು ಪ್ರತಿ ಗಾಯಕ್ಕೆ ಎರಡು ಭಾಗದ ಎಪಾಕ್ಸಿ, ವೈಬ್ರೇಟರಿನ ತಲೆಗೆ ರಬ್ಬರ್ ತೊಡಿಕೆ, ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಡುವಂತಿಲ್ಲ. ಲೇಪ ನುಣುಪಾಗಿರುವುದರಿಂದ ಕಾಂಕ್ರೀಟಿನ ಹಿಡಿತವೂ ಕಡಿಮೆ. ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318ರ ಪ್ರಕಾರ ಕವರ್ ಕಂಬಿಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಇದ್ದರೆ ಹಿಡಿತದ ಉದ್ದವನ್ನು 1.5 ಪಟ್ಟು ಮಾಡಬೇಕು. ಮೇಸ್ತ್ರಿ ಲ್ಯಾಪನ್ನು (ಎರಡು ಕಂಬಿ ಪಕ್ಕಪಕ್ಕ ಸೇರುವ ಉದ್ದ) ಹಳೆಯ ಅಳತೆಯಲ್ಲೇ ಕಟ್ಟಿದರೆ ತುಕ್ಕಿಗಿಂತ ದೊಡ್ಡ ತೊಂದರೆ.

ಸರಳುಸಾಮಾನು

ಲ್ಯಾಪ್‌ನ ಮಾತು ಒಪ್ಪಿದೆ. ಹಾಗಾದರೆ ಗ್ಯಾಲ್ವನೈಸ್ಡ್ ಕಂಬಿ? ಐಎಸ್ 12594 ಪ್ರಕಾರದ್ದು. ಗೀರು ಬಿದ್ದರೂ ಪಕ್ಕದ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ.

ಜಲ್ಲಿಲೆಕ್ಕ

ಮನೆಯ ಮಟ್ಟಿಗೆ ಎಪಾಕ್ಸಿಗಿಂತ ಅದೇ ವಾಸಿ. ಕಾರ್ಬೊನೇಷನ್‌ಗೆ ಚೆನ್ನಾಗಿ ತಡೆಯುತ್ತದೆ, ಉಪ್ಪಿಗೂ ಸಾದಾ ಕಂಬಿಗಿಂತ ಹೆಚ್ಚು ತಾಳುತ್ತದೆ, ಆದರೆ ಅದಕ್ಕೂ ಮಿತಿ ಇದೆ. ಬಾಗಿಸಿದ ಕಡೆ ಸತು ಬಿರಿದರೆ ಸತುವಿನ ಪೇಂಟ್ ಹಚ್ಚಬೇಕು. ಲೇಪದ ಕಂಬಿ ಮತ್ತು ಸಾದಾ ಕಂಬಿ ಒಂದಕ್ಕೊಂದು ತಾಗುವಂತೆ ಕಟ್ಟಿದರೆ ಸಾದಾ ಕಂಬಿಯನ್ನು ಕಾಯಲು ಹೋಗಿ ಸತು ಬೇಗ ಮುಗಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಮಾತು ಬೇರೆ. ಮೆಕ್ಸಿಕೊದ ಪ್ರೊಗ್ರೆಸೊ ಬಂದರಿನ ಹಡಗುಕಟ್ಟೆಗೆ 1937–41ರಲ್ಲಿ ಸ್ಟೇನ್‌ಲೆಸ್ ಕಂಬಿ ಹಾಕಿದ್ದು ಇಂದಿಗೂ ಉದಾಹರಣೆಯಾಗಿ ಬರುತ್ತದೆ. ಬೆಲೆ ಸಾದಾ ಕಂಬಿಯ ಹಲವು ಪಟ್ಟು, ಎರಡು ಕೋಣೆಗೆ ಯಾರೂ ಹಾಕುವುದಿಲ್ಲ. 'ಸಿಆರ್‌ಎಸ್' ಅಂತ ಮಾರುವ, ತಾಮ್ರ–ಕ್ರೋಮಿಯಂ ಸ್ವಲ್ಪ ಬೆರೆಸಿದ ಟಿಎಂಟಿ ತುಕ್ಕನ್ನು ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. ಅದನ್ನು ನಂಬಿ ಕವರ್ ಕಡಿಮೆ ಮಾಡುವಂತಿಲ್ಲ.

ನನ್ನ ಲೆಕ್ಕದಲ್ಲಿ ಹಣ ಹೋಗಬೇಕಾದ ಕ್ರಮ ಹೀಗೆ: ಕವರ್, ನೀರು ಕಡಿಮೆ ಇರುವ ಗಟ್ಟಿ ಕಾಂಕ್ರೀಟ್, ಕ್ಯೂರಿಂಗ್, ನೀರು ನಿಲ್ಲದ ವಿನ್ಯಾಸ. ಇವಿಷ್ಟೂ ಆದ ಮೇಲೆ ಕಿಸೆಯಲ್ಲಿ ಉಳಿದಿದ್ದರೆ ಕಂಬಿಯ ಲೇಪ.

ಪಡುಗಡಲು

ಹೊಸ ಕೆಲಸಕ್ಕೆ ಕವರ್ ಎಷ್ಟು, ಮಿಕ್ಸ್ ಯಾವುದು ಅಂತ ಅಂಕಿಯಲ್ಲೇ ಹೇಳಿ. ಮೇಸ್ತ್ರಿಗೆ ತೋರಿಸಬೇಕು.

ಜಲ್ಲಿಲೆಕ್ಕ

ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456:2000 ಪ್ರಕಾರ ಕರಾವಳಿಯ ಹವೆಗೆ ತೆರೆದಿರುವ ಕಾಂಕ್ರೀಟ್ 'ಸಿವಿಯರ್' ವರ್ಗ: ಕನಿಷ್ಠ ಎಂ30 (28 ದಿನಕ್ಕೆ 30 ಮೆಗಾಪ್ಯಾಸ್ಕಲ್ ಬಲದ ಕಾಂಕ್ರೀಟ್), ಸಿಮೆಂಟ್ ಘನ ಮೀಟರಿಗೆ 320 ಕೆಜಿಗೆ ಕಡಿಮೆ ಇಲ್ಲ, ನೀರು–ಸಿಮೆಂಟ್ ಅನುಪಾತ 0.45ಕ್ಕೆ ಮೀರಬಾರದು, ಕವರ್ 45 ಮಿ.ಮೀ. ಉಪ್ಪುಗಾಳಿ ನೇರ ತಾಗದ ಒಳಕೋಣೆಯ ಭಾಗ 'ಮಾಡರೇಟ್': ಎಂ25, 300 ಕೆಜಿ, 0.50, ಕವರ್ 30 ಮಿ.ಮೀ. ಅಲೆಯ ತುಂತುರು ಬಂದು ಬೀಳುವ ಜಾಗವಾದರೆ 'ವೆರಿ ಸಿವಿಯರ್': ಎಂ35, 340 ಕೆಜಿ, 0.45, 50 ಮಿ.ಮೀ. ಒಂದೇ ಮನೆಗೆ ಎರಡೆರಡು ಮಿಕ್ಸ್ ಮಾಡಿಸಿ ಗೊಂದಲ ಮಾಡಿಕೊಳ್ಳಬೇಡಿ, ಪೂರ್ತಿ ಎಂ30 ಹಾಕಿ.

ಕವರ್ ಅಂದರೆ ಅತಿ ಹೊರಗಿನ ಉಕ್ಕಿನಿಂದ ಕಾಂಕ್ರೀಟಿನ ಮುಖದವರೆಗೆ. ಪಿಲ್ಲರಿನಲ್ಲಿ ರಿಂಗಿನ ಹೊರಮೈಯಿಂದ ಅಳೆಯಬೇಕು, ದಪ್ಪ ಕಂಬಿಯಿಂದ ಅಲ್ಲ. ಪ್ಲಾಸ್ಟರ್ ಲೆಕ್ಕಕ್ಕಿಲ್ಲ. ಹೆಚ್ಚಾದರೆ 10 ಮಿ.ಮೀ.ವರೆಗೆ ಒಪ್ಪುತ್ತಾರೆ, ಕಡಿಮೆಯಾಗಲು 1 ಮಿ.ಮೀ. ಕೂಡ ಅವಕಾಶ ಇಲ್ಲ.

ಇಲ್ಲಿ ಬಹಳ ಜನ ಎಡವುವುದು ಸ್ಲ್ಯಾಬಿನ ದಪ್ಪದಲ್ಲಿ. 110 ಮಿ.ಮೀ. ಸ್ಲ್ಯಾಬಿನಲ್ಲಿ 20 ಕವರ್, 10 ಮಿ.ಮೀ. ಕಂಬಿ ಅಂದರೆ ಕೆಲಸಕ್ಕೆ ಬರುವ ಆಳ 85. ಅದೇ ದಪ್ಪ ಇಟ್ಟು ಕವರ್ 45 ಮಾಡಿದರೆ ಆಳ 60ಕ್ಕೆ ಇಳಿದು ಸ್ಲ್ಯಾಬ್ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಹೊರಗಿನ ಸ್ಲ್ಯಾಬ್ 135–140 ಆಗಬೇಕು. ತೂಕ ಹೆಚ್ಚಾಯಿತು, ಕೆಳಗಿನ ಪಿಲ್ಲರ್, ಪಾಯ ತಡೆಯುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ಈ ಚರ್ಚೆ ಓದಿ ಅದನ್ನು ಬಿಟ್ಟುಬಿಡಬೇಡಿ.

ದೋಹಾಕನ್ನಡಿಗ

ಮಿಕ್ಸಿಗೆ ಒಂದು ಆರಂಭದ ಲೆಕ್ಕ, ಘನ ಮೀಟರಿಗೆ: ಸಿಮೆಂಟ್ ಮತ್ತು ಸ್ಲ್ಯಾಗ್ (ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ) ಸೇರಿ 380 ಕೆಜಿ, ನೀರು 165 ಲೀಟರ್, ಎಂ-ಸ್ಯಾಂಡ್ 730 ಕೆಜಿ, 20 ಮಿ.ಮೀ. ಜಲ್ಲಿ 655, 12 ಮಿ.ಮೀ. ಜಲ್ಲಿ 435, ಸೂಪರ್‌ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಗಾರೆಯನ್ನು ಸಡಿಲ ಮಾಡುವ ದ್ರವ) ಸುಮಾರು 3 ಕೆಜಿ. ನಿಮ್ಮ ಜಲ್ಲಿ, ಮರಳಿನ ಪ್ರಕಾರ ಬದಲಾಗುತ್ತದೆ. ಟ್ರಯಲ್ ಮಿಕ್ಸ್ ಮಾಡಿ ಕ್ಯೂಬ್ ಒಡೆಸಿ. ಎಂ30ಕ್ಕೆ 28 ದಿನದ ಗುರಿ 38 ಮೆಗಾಪ್ಯಾಸ್ಕಲ್ ಆಸುಪಾಸು.

ಉಪ್ಪಿನ ವಿಷಯದಲ್ಲಿ ನಿಜವಾದ ವ್ಯತ್ಯಾಸ ತರುವುದು ಸ್ಲ್ಯಾಗ್ ಅಥವಾ ಹಾರುಬೂದಿ. ರಂಧ್ರಗಳು ಕಿರಿದಾಗಿ ಕ್ಲೋರೈಡ್ ಇಳಿಯುವ ವೇಗ ಚೆನ್ನಾಗಿ ತಗ್ಗುತ್ತದೆ. ಗಲ್ಫ್‌ನ ಕರಾವಳಿ ಕೆಲಸಗಳಲ್ಲಿ ಸ್ಲ್ಯಾಗ್ ಇಲ್ಲದ ಮಿಕ್ಸ್ ಸಿಗುವುದೇ ಅಪರೂಪ. ನಿಮಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಇದೆ, ಹಾರುಬೂದಿ ಪಕ್ಕದ ಪಡುಬಿದ್ರಿ ವಿದ್ಯುತ್ ಸ್ಥಾವರದ್ದೇ ಇದೆ. ಚೀಲದ ಲೆಕ್ಕದಲ್ಲಿ ಮನೆ ಕಟ್ಟುವವರು ಐಎಸ್ 455ರ ಸ್ಲ್ಯಾಗ್ ಸಿಮೆಂಟನ್ನೋ ಹಾರುಬೂದಿ ಸಿಮೆಂಟಾದ ಪಿಪಿಸಿಯನ್ನೋ ತಗೊಂಡರೆ ಸಾಕು. ಪಿಪಿಸಿಗೆ ಮತ್ತೆ ಬೂದಿ ಬೆರೆಸಬೇಡಿ, ಅದರಲ್ಲಿ ಆಗಲೇ ಇದೆ.

ಒಂದು ಚೀಲಕ್ಕೆ ಇದರ ಪ್ರಕಾರ ನೀರು 21.7 ಲೀಟರ್. ಒಂದು ಚೀಲಕ್ಕೆ ಬೀಳುವ 96 ಕೆಜಿ ಮರಳಿನಲ್ಲಿ ಶೇ. 5 ತೇವ ಇದ್ದರೆ ಅಲ್ಲೇ ಸುಮಾರು 5 ಲೀಟರ್ ಬಂತು. ಅಂದರೆ ಮಿಕ್ಸರಿಗೆ ಸುರಿಯಬೇಕಾದ್ದು 17 ಲೀಟರ್. ಗಾರೆ ಗಟ್ಟಿ ಅನಿಸಿದರೆ ಪ್ಲಾಸ್ಟಿಸೈಜರ್ ಹೊಂದಿಸಿ, ಪೈಪ್ ಮುಟ್ಟಬೇಡಿ.

ಬಯಲುಸೀಮೆ

ಮಿಕ್ಸರ್ ಮುಂದೆ ಪೈಪ್ ಹಿಡಿದವನೇ ಅಸಲಿ ಮಿಕ್ಸ್ ಡಿಸೈನರ್. ಅವನನ್ನು ಗೆದ್ದರೆ ಅರ್ಧ ಗೆದ್ದ ಹಾಗೆ.

ಬಾವಿ ನೀರು ಸ್ವಲ್ಪ ಉಪ್ಪುಪ್ಪು ಇದ್ದರೆ? ಬೇಸಗೆಯಲ್ಲಿ ಅಳಿವೆಯ ಕಡೆಯ ಬಾವಿಗಳಿಗೆ ಹಿನ್ನೀರಿನ ಉಪ್ಪು ನುಗ್ಗುತ್ತದಲ್ಲ.

ತುಕ್ಕುವೈದ್ಯ

ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ಮಿತಿ, ಪಿಎಚ್ 6ಕ್ಕೆ ಕಡಿಮೆ ಇರಬಾರದು. ಏಪ್ರಿಲ್–ಮೇ ತಿಂಗಳಲ್ಲಿ ಕೆಲಸ ಇದ್ದರೆ ಆ ತಿಂಗಳ ನೀರನ್ನೇ ಪರೀಕ್ಷೆಗೆ ಕೊಡಿ, ನವೆಂಬರಿನ ವರದಿ ಇಟ್ಟುಕೊಂಡು ಮೇ ತಿಂಗಳಲ್ಲಿ ಕಾಂಕ್ರೀಟ್ ಹಾಕುವುದು ಕುರುಡು ಕೆಲಸ. ಕ್ಯೂರಿಂಗ್‌ಗೂ ಅದೇ ನೀರು. ಅಳಿವೆಯ ಮರಳು ತರುವವರು ಅದಕ್ಕೂ ಪರೀಕ್ಷೆ ಮಾಡಿಸಿ. ಕಾಂಕ್ರೀಟಿನ ಎಲ್ಲ ಸಾಮಾನು ಸೇರಿ ಆರಂಭದಲ್ಲಿ ಕ್ಲೋರೈಡ್ ಘನ ಮೀಟರಿಗೆ 0.6 ಕೆಜಿ ಮೀರಬಾರದು. ಬೇಗ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಅಡ್ಮಿಕ್ಸ್ಚರ್ ಹಾಕುವುದು ಆರ್‌ಸಿಸಿಯಲ್ಲಿ ನಿಷಿದ್ಧ.

ಇನ್ನು ಕಟ್ಟುವಾಗ: ಕವರ್ ಬ್ಲಾಕ್ ಕಾಂಕ್ರೀಟಿನಷ್ಟೇ ಗಟ್ಟಿ ಇರಬೇಕು, ಮೀಟರಿಗೆ ಒಂದರಂತೆ ಎರಡೂ ದಿಕ್ಕಿಗೆ. ಸೈಟಿನ ಮೂಲೆಯಲ್ಲಿ 1:6 ಗಾರೆಯಲ್ಲಿ ಮಾಡಿದ ಬ್ಲಾಕ್ ಉಪ್ಪುನೀರಿಗೆ ದಾರಿ ಬಿಟ್ಟುಕೊಡುತ್ತದೆ. ಬೈಂಡಿಂಗ್ ವೈರಿನ ತುದಿಗಳನ್ನು ಒಳಕ್ಕೆ ಮಡಚಿ; ಹೊರಚಾಚಿದ ತುದಿಯೇ ಮೊದಲ ತುಕ್ಕಿನ ಕಲೆ. ತಿಂಗಳುಗಟ್ಟಲೆ ಕಡಲಗಾಳಿಗೆ ಬಿದ್ದಿದ್ದ ಕಂಬಿಯನ್ನು ಕಟ್ಟುವ ಮೊದಲು ಸಿಹಿನೀರಿನಲ್ಲಿ ಜೋರಾಗಿ ತೊಳೆದು ವೈರ್ ಬ್ರಷ್ ಮಾಡಿ. ತೆಳು ಕಂದು ತುಕ್ಕು ತೊಂದರೆ ಅಲ್ಲ, ಉಪ್ಪು ತೊಂದರೆ. ಕ್ಯೂರಿಂಗ್ ಸ್ಲ್ಯಾಗ್ ಸಿಮೆಂಟಿಗೆ, ಪಿಪಿಸಿಗೆ ಕನಿಷ್ಠ 10 ದಿನ, 14 ಆದರೆ ಒಳ್ಳೆಯದು. ಪಿಲ್ಲರಿಗೆ ಗೋಣಿ ಸುತ್ತಿ ನೆನೆಸಿ. ಸಂಜೆಗೊಮ್ಮೆ ನೀರೆರಚುವುದು ಕ್ಯೂರಿಂಗ್ ಅಲ್ಲ.

ಪಡುಗಡಲು

ಪರೀಕ್ಷೆಯ ಫಲ ಬಂತು. ಜಗಲಿ ಸ್ಲ್ಯಾಬ್: ಕವರ್ 12–18 ಮಿ.ಮೀ., ಕಾರ್ಬೊನೇಷನ್ 14 ಮಿ.ಮೀ., 10–20 ಆಳದಲ್ಲಿ ಕ್ಲೋರೈಡ್ ಕಾಂಕ್ರೀಟಿನ ತೂಕದ ಶೇ. 0.09. ಒಳಕೋಣೆ ಸ್ಲ್ಯಾಬ್: ಅದೇ ಆಳದಲ್ಲಿ 0.03. ಪಡುವಣ ಪಿಲ್ಲರ್: ರಿಂಗಿನ ಆಳದಲ್ಲಿ 0.07. ಸುತ್ತಿಗೆಗೆ ಜಗಲಿ ಸ್ಲ್ಯಾಬಿನ ಅರ್ಧಕ್ಕಿಂತ ಹೆಚ್ಚು ಡೊಳ್ಳು. ತಾರಸಿಯ ಕಂಬಿಯ ಒಂದು ಮೀಟರ್ ತುಂಡು ಕತ್ತರಿಸಿ, ಉಜ್ಜಿ ತೂಗಿದರೆ 1.35 ಕೆಜಿ.

ಜಲ್ಲಿಲೆಕ್ಕ

ಕಾಂಕ್ರೀಟಿನ ತೂಕ ಘನ ಮೀಟರಿಗೆ 2400 ಕೆಜಿ ಹಿಡಿದರೆ ಶೇ. 0.09 ಅಂದರೆ 2.16 ಕೆಜಿ. ಹಳೆಯ ಮಿಕ್ಸಿನಲ್ಲಿ ಸಿಮೆಂಟ್ 320 ಇತ್ತು ಎಂದುಕೊಂಡರೆ ಸಿಮೆಂಟಿನ ಶೇ. 0.67. ತುಕ್ಕು ಶುರುವಾಗುವ ಗಡಿಯಾಗಿ ಸಾಮಾನ್ಯವಾಗಿ ಹಿಡಿಯುವುದು 0.4. ಜಗಲಿ ದಾಟಿದೆ, ಪಿಲ್ಲರ್ 0.5 ಚಿಲ್ಲರೆ, ಅದೂ ದಾಟಿದೆ. ಒಳಕೋಣೆ 0.22, ಸದ್ಯ ಗಡಿಯ ಒಳಗೆ.

16 ಮಿ.ಮೀ. ಕಂಬಿ ಮೀಟರಿಗೆ 1.58 ಕೆಜಿ ಇರಬೇಕು. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಬರುತ್ತದೆ. ನಿಮ್ಮದು ಶೇ. 14–15 ಕಳೆದಿದೆ. ಅದು ಸರಾಸರಿ ಮಾತ್ರ, ಗುಂಡಿ ಬಿದ್ದ ಕಡೆ ಇನ್ನೂ ಹೆಚ್ಚು. ನೀರು ನಿಲ್ಲುವ ಬುಡದಲ್ಲೇ ಕಂಬಿ ಅತಿ ಹೆಚ್ಚು ಸವೆದಿರುತ್ತದೆ, ನೀವು ಕತ್ತರಿಸಿದ್ದು ಬಹುಶಃ ಮೇಲಿನ ತುಂಡು. ಸಣ್ಣ ಕಂಬಿಗೆ ಇದು ಇನ್ನೂ ಕಠಿಣ: ವ್ಯಾಸದಲ್ಲಿ 1 ಮಿ.ಮೀ. ಸವೆದರೆ 12ರ ಕಂಬಿ ಶೇ. 16 ಕಳೆದುಕೊಳ್ಳುತ್ತದೆ, 8ರ ಕಂಬಿ ಶೇ. 23.

ತುಕ್ಕುವೈದ್ಯ

ಜಗಲಿ ಸ್ಲ್ಯಾಬ್ ಒಡೆದು ಹೊಸದು ಹಾಕಿ. ನೇರ ಹೇಳುತ್ತಿದ್ದೇನೆ. ಅರ್ಧಕ್ಕಿಂತ ಹೆಚ್ಚು ಡೊಳ್ಳು, ಕಂಬಿಯ ಆಳದಲ್ಲಿ ಉಪ್ಪು ಗಡಿ ದಾಟಿದೆ. ಅದರ ಮೇಲೆ ತೇಪೆ ಹಾಕಿದರೆ ಎರಡು ಮೂರು ಮಳೆಗಾಲದಲ್ಲಿ ತೇಪೆಯ ಸುತ್ತ ಹೊಸ ಬಿರುಕು ಏಳುತ್ತದೆ. ಕಾರಣ ಇದು: ತೇಪೆಯೊಳಗಿನ ಕಂಬಿ ಹೊಸ ಕ್ಷಾರದಲ್ಲಿ ಶಾಂತವಾಗಿ ಕ್ಯಾಥೋಡ್ (ಸವೆಯದ ತುದಿ) ಆಗುತ್ತದೆ, ಪಕ್ಕದ ಉಪ್ಪುಕಾಂಕ್ರೀಟಿನೊಳಗಿನ ಅದೇ ಕಂಬಿ ಆನೋಡ್ (ಸವೆಯುವ ತುದಿ) ಆಗಿ ಮೊದಲಿಗಿಂತ ಬೇಗ ಕರಗುತ್ತದೆ. ಮೊದಲು ಇಡೀ ಜಾಗವನ್ನು ಕಾಯುತ್ತಿದ್ದದ್ದು ಆ ಕೆಟ್ಟ ಜಾಗವೇ, ಅದನ್ನು ನೀವು ಗುಣ ಮಾಡಿದಿರಿ, ಈಗ ನೆರೆಯ ಸರದಿ.

ಪಿಲ್ಲರಿಗೆ ಜಾಕೆಟ್, ಅಂದರೆ ಸುತ್ತಲೂ ಹೊಸ ಕಂಬಿ, ಕಾಂಕ್ರೀಟಿನ ಹೊದಿಕೆ. ಮೊದಲು ಬೀಮಿನ ಅಡಿಗೆ ಪ್ರಾಪ್ ಕೊಟ್ಟು ಭಾರ ಇಳಿಸಿ. ಒಂದು ಸಲಕ್ಕೆ ಒಂದೇ ಪಿಲ್ಲರ್. ಸಡಿಲ ಕಾಂಕ್ರೀಟ್ ಮಾತ್ರ ಅಲ್ಲ, ತುಕ್ಕು ಹಿಡಿದ ಕಂಬಿಯ ಹಿಂದೆ 20–25 ಮಿ.ಮೀ. ಜಾಗ ಆಗುವವರೆಗೆ ಕೊರೆಯಿರಿ. ಬೆರಳು ಕಂಬಿಯ ಸುತ್ತ ಹೋಗಬೇಕು. ಅರ್ಧ ಕಂಬಿ ಹಳೆ ಕಾಂಕ್ರೀಟಿನಲ್ಲಿ, ಅರ್ಧ ಹೊಸದರಲ್ಲಿ ಉಳಿದರೆ ಮತ್ತೆ ಅದೇ ಜಗಳ. ತುಕ್ಕನ್ನು ಮರಳು ಬ್ಲಾಸ್ಟಿಂಗ್ ಅಥವಾ ತಂತಿ ಚಕ್ರದಿಂದ ತೆಗೆದು, ಗುಂಡಿಗಳ ಒಳಗಿನ ಉಪ್ಪಿಗೆ ಒತ್ತಡದ ಸಿಹಿನೀರು. ಮರುದಿನ ಗುಂಡಿಗಳಲ್ಲಿ ಕಪ್ಪು–ಹಸಿರು ಜಿನುಗು ಕಂಡರೆ ಉಪ್ಪು ಇನ್ನೂ ಇದೆ, ಮತ್ತೆ ತೊಳೆಯಿರಿ. ಅಡ್ಡಕೊಯ್ತ ಕಾಲು ಭಾಗದಷ್ಟು ಹೋದ ಕಡೆ ಪಕ್ಕಕ್ಕೆ ಹೊಸ ಕಂಬಿ, ಲ್ಯಾಪ್ ಎಂಜಿನಿಯರ್ ಹೇಳಿದಷ್ಟು. ಜಾಕೆಟ್ಟಿನ ಕಂಬಿ ಪಾಯದೊಳಗೆ ಡ್ರಿಲ್ ಮಾಡಿ ಕೂರಿಸಬೇಕು, ನೆಲದ ಮೇಲೆ ನಿಲ್ಲಿಸಿದರೆ ಅದು ಅಲಂಕಾರ. ಸುತ್ತಲೂ 100 ಮಿ.ಮೀ. ಮೈಕ್ರೋಕಾಂಕ್ರೀಟ್ (ಸಣ್ಣ ಜಲ್ಲಿಯ ಹರಿಯುವ ಕಾಂಕ್ರೀಟ್), ಹಳೆಯ ಮೈ ನೆನೆದು ಮೇಲೆ ನೀರು ನಿಲ್ಲದ ಸ್ಥಿತಿಯಲ್ಲಿ ಹಾಕಿ.

ಒಳಕೋಣೆಯಲ್ಲಿ ಚಿಕ್ಕಪುಟ್ಟ ಡೊಳ್ಳು ಇದ್ದರೆ ಅಲ್ಲಿ ತೇಪೆ ನಡೆಯುತ್ತದೆ. ಅಂಚನ್ನು ಕಟ್ಟರ್‌ನಿಂದ 10 ಮಿ.ಮೀ. ಆಳಕ್ಕೆ ನೇರ ಕೊಯ್ಯಿರಿ, ತೆಳುವಾಗಿ ಸವರಿ ಬಿಟ್ಟ ಅಂಚು ಮೊದಲು ಏಳುವುದು. ಗಾರೆ 50 ಕೆಜಿ ಸಿಮೆಂಟಿಗೆ 150 ಕೆಜಿ ಶುದ್ಧ ಮರಳು, 7–10 ಕೆಜಿ ಎಸ್‌ಬಿಆರ್ ಲೇಟೆಕ್ಸ್ (ಅಂಟು ಹೆಚ್ಚಿಸುವ ಕೃತಕ ರಬ್ಬರಿನ ಹಾಲು). ಲೇಟೆಕ್ಸಿನಲ್ಲಿ ಅರ್ಧ ನೀರೇ ಇರುವುದರಿಂದ ನೀರನ್ನು ಅಷ್ಟು ಕಡಿಮೆ ಮಾಡಿ. ತಲೆಯ ಮೇಲಿನ ಕೆಲಸಕ್ಕೆ ಒಂದು ಪದರ 10–15 ಮಿ.ಮೀ. ಮೀರದಿರಲಿ. ಹಳೆಯ ಮೈಗೆ ಮೊದಲು ಬಳಿಯುವ ಬಂಧದ ಸ್ಲರಿ ಹಸಿ ಇರುವಾಗಲೇ ಗಾರೆ ಒತ್ತಬೇಕು; ಒಣಗಿದ ಸ್ಲರಿ ಅಂಟಿಸುವ ಬದಲು ಬಿಡಿಸುತ್ತದೆ.

ದೋಹಾಕನ್ನಡಿಗ

ಆ ಒಳಕೋಣೆಯ ತೇಪೆಗಳ ಅಂಚಿಗೆ ಸತುವಿನ ಆನೋಡ್ ಕಟ್ಟಿಸಿ. ಅಂಗೈ ಹಿಡಿಸುವ ಗಾರೆಯ ಬಿಲ್ಲೆ, ಒಳಗೆ ಸತು, ಎರಡು ತಂತಿ. ತೇಪೆಯ ಅಂಚಿನಿಂದ 100 ಮಿ.ಮೀ. ಒಳಗೆ, 500 ಮಿ.ಮೀ.ಗೊಂದು. ಕಟ್ಟಿದ ಮೇಲೆ ಮಲ್ಟಿಮೀಟರಿನಲ್ಲಿ ತಂತಿ ಮತ್ತು ಕಂಬಿಯ ನಡುವೆ 1 ಓಮ್‌ಗಿಂತ ಕಡಿಮೆ ಬರಬೇಕು. ಬರದಿದ್ದರೆ ತುಕ್ಕಿನ ಮೇಲೇ ಕಟ್ಟಿದ್ದಾರೆ ಎಂದರ್ಥ.

ಆಯುಸ್ಸನ್ನು ನೀವೇ ಲೆಕ್ಕ ಹಾಕಬಹುದು. ಸತು ಕೆಜಿಗೆ 820 ಆಂಪಿಯರ್-ಗಂಟೆ ಕೊಡುತ್ತದೆ. 100 ಗ್ರಾಂ ಅಂದರೆ 82. ಸರಾಸರಿ ಅರ್ಧ ಮಿಲಿಆಂಪಿಯರ್ ಹರಿದರೆ 18 ವರ್ಷ ಚಿಲ್ಲರೆ, ಎಲ್ಲ ಸತುವೂ ಉಪಯೋಗಕ್ಕೆ ಬಾರದ ಕಾರಣ 14 ಹಿಡಿಯಿರಿ. ಬಿಸಿ, ತೇವ, ಉಪ್ಪು ಹೆಚ್ಚಾದಷ್ಟೂ ಹರಿಯುವ ಕರೆಂಟ್ ಹೆಚ್ಚು, ಆಯುಸ್ಸು ಕಡಿಮೆ.

ಸರಳುಸಾಮಾನು

ಮತ್ತೆ ತೇಪೆಯೊಳಗಿನ ಕಂಬಿಗೆ ಜಿಂಕ್ ಎಪಾಕ್ಸಿ ಪ್ರೈಮರ್ ಹಚ್ಚುತ್ತಾರಲ್ಲ? ಎರಡೂ ಇದ್ದರೆ ಡಬಲ್ ರಕ್ಷಣೆ.

ದೋಹಾಕನ್ನಡಿಗ

ಇಲ್ಲ. ಪ್ರೈಮರ್ ಕಂಬಿಯನ್ನು ಕಾಂಕ್ರೀಟಿನಿಂದ ಬೇರ್ಪಡಿಸುತ್ತದೆ, ಆನೋಡಿಗೆ ಕರೆಂಟಿನ ದಾರಿ ಬೇಕು. ಎರಡರಲ್ಲಿ ಒಂದು. ಹಾಗೆಯೇ ಪಾಲಿಮರ್ ಜಾಸ್ತಿ ಇರುವ ಗಾರೆಯೂ ಕರೆಂಟ್ ತಡೆಯುತ್ತದೆ. ಆನೋಡ್ ಹಾಕುವ ತೇಪೆಗೆ ರೋಧಕತೆ 15,000 ಓಮ್-ಸೆಂ.ಮೀ. ಒಳಗಿರುವ ಗಾರೆ ಬೇಕು. ಲೇಟೆಕ್ಸ್ ಮಿಶ್ರಣದ ಬದಲು ಆನೋಡ್ ತಯಾರಕರು ಒಪ್ಪಿದ ರಿಪೇರಿ ಗಾರೆ ತಗೊಳ್ಳಿ.

ಬಯಲುಸೀಮೆ

ಹೊರಗಿನಿಂದ ಬಳಿಯುವ ತುಕ್ಕುನಿರೋಧಕ ದ್ರವ ಕಾಂಕ್ರೀಟಿನೊಳಗೆ ಇಳಿದು ಕಂಬಿ ಸೇರುತ್ತದೆ ಅಂತಾರೆ. ಅದರಿಂದ ಪಿಲ್ಲರ್ ಒಡೆಯುವುದು ತಪ್ಪುತ್ತದೆಯೇ?

ತುಕ್ಕುವೈದ್ಯ

ಉಪ್ಪು ಈಗಾಗಲೇ ಗಡಿ ದಾಟಿದ ಕಡೆ ಅದನ್ನು ನಂಬಲು ನನಗೆ ಧೈರ್ಯ ಇಲ್ಲ. ಕಾರ್ಬೊನೇಷನ್ ಮಾತ್ರ ಇರುವ, ಕವರ್ ತೆಳುವಾದ ಒಳನಾಡಿನ ಕಟ್ಟಡಕ್ಕೆ ಸ್ವಲ್ಪ ಉಪಯೋಗ ಆದೀತು. ಹೊಸ ಕಾಂಕ್ರೀಟಿಗೆ ಬೆರೆಸುವ ಕ್ಯಾಲ್ಸಿಯಂ ನೈಟ್ರೈಟ್ ಬೇರೆ ವಿಷಯ: ಶೇ. 30ರ ದ್ರಾವಣ ಘನ ಮೀಟರಿಗೆ 10ರಿಂದ 30 ಲೀಟರ್, ಮುಂದೆ ಎಷ್ಟು ಉಪ್ಪು ಬರಬಹುದು ಅನ್ನುವುದರ ಮೇಲೆ. ಅದರಲ್ಲಿನ ನೀರನ್ನು ಮಿಕ್ಸಿನ ನೀರಿನಿಂದ ಕಳೆಯಬೇಕು. ಕಾಂಕ್ರೀಟನ್ನು ಬೇಗ ಸೆಟ್ ಮಾಡುತ್ತದೆ, ಮೇ ತಿಂಗಳ ಮಧ್ಯಾಹ್ನ ಹುಷಾರು. ಉಪ್ಪಿಗೆ ಹೋಲಿಸಿದರೆ ಸಾಲದಷ್ಟು ಹಾಕಿದರೆ ತುಕ್ಕು ಕೆಲವೇ ಜಾಗದಲ್ಲಿ ಆಳವಾಗಿ ಇಳಿಯುತ್ತದೆ, ಆದ್ದರಿಂದ ಉಳಿತಾಯಕ್ಕೆಂದು ಅರ್ಧ ಪ್ರಮಾಣ ಬೇಡ.

ಹೊಸ ಹೊರಮೈಗೆ ಸಿಲೇನ್ ಒಳ್ಳೆಯದು. ಕೆಲವು ಮಿ.ಮೀ. ಒಳಗಿಳಿದು ನೀರು ಹೀರುವುದನ್ನು ತಡೆಯುತ್ತದೆ, ಆವಿ ಹೊರಹೋಗಲು ಬಿಡುತ್ತದೆ. ಕಾಂಕ್ರೀಟಿಗೆ 28 ದಿನ ಆಗಿ, ಮೈ ಒಣಗಿದ ಮೇಲೆ, ಎರಡು ಕೋಟ್. ಅಡಿಯಲ್ಲಿ ಉಪ್ಪುಕಾಂಕ್ರೀಟ್ ಇದ್ದರೆ ಇದು ತುಕ್ಕನ್ನು ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. ಕರೆಂಟ್ ಹರಿಸಿ ಕಾಯುವ ಕ್ಯಾಥೋಡಿಕ್ ಪದ್ಧತಿಯೂ ಇದೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಸೇತುವೆ ಡೆಕ್ ಒಂದಕ್ಕೆ ಅಳವಡಿಸಿದಲ್ಲಿಂದ ಬೆಳೆದದ್ದು. ಸೇತುವೆ, ಹಡಗುಕಟ್ಟೆ, ದೊಡ್ಡ ಕಟ್ಟಡಕ್ಕೆ ಸರಿ. ಮನೆಯಲ್ಲಿ ಅದಕ್ಕೆ ಕರೆಂಟ್ ಕೊಡುವ ರೆಕ್ಟಿಫೈಯರನ್ನು ವರ್ಷಗಟ್ಟಲೆ ಯಾರು ನೋಡುತ್ತಾರೆ?

ಪಡುಗಡಲು

ತಾರಸಿಯ ಕಂಬಿ ಪೂರ್ತಿ ಕೈಬಿಡುವುದೇ? ಇಷ್ಟು ವರ್ಷ ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ ಇಟ್ಟಿತ್ತು. ಮತ್ತೆ ಯಾವ ತಿಂಗಳಲ್ಲಿ ಶುರು ಮಾಡುವುದು?

ಜಲ್ಲಿಲೆಕ್ಕ

ಚೀಲ ಬೆವರನ್ನು ಒಳಗೇ ಹಿಡಿದಿಟ್ಟು ಬುಡವನ್ನು ಒದ್ದೆ ಇಟ್ಟಿರುತ್ತದೆ. ಪ್ರತಿ ಕಂಬಿಯ ಬುಡದ ಸುತ್ತ 75 ಮಿ.ಮೀ. ಆಳಕ್ಕೆ ಕಾಂಕ್ರೀಟ್ ಒಡೆದು ಅಲ್ಲಿ ಉಜ್ಜಿ ವರ್ನಿಯರ್ ಹಿಡಿದು ಅಳೆಯಿರಿ. ಅಲ್ಲಿ 15 ಮಿ.ಮೀ.ಗಿಂತ ಕಡಿಮೆ ಬಂದರೆ ಅಥವಾ ಗುಂಡಿ ಕಂಡರೆ ಅದನ್ನು ಲ್ಯಾಪ್‌ಗೆ ನಂಬಬೇಡಿ. ಆಗ ದಾರಿ ಎರಡು: ಪಿಲ್ಲರಿನ ತಲೆಯನ್ನು ಒಡೆದು ಗಟ್ಟಿ ಕಂಬಿ ಸಿಗುವ ಮಟ್ಟದಿಂದ ಲ್ಯಾಪ್ ಕೊಡುವುದು, ಇಲ್ಲವೇ ರಂಧ್ರ ಕೊರೆದು ಎಪಾಕ್ಸಿಯಲ್ಲಿ ಹೊಸ ಕಂಬಿ ಕೂರಿಸುವುದು. ಎರಡನೆಯದರಲ್ಲಿ ಆಳವನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು, ರಂಧ್ರವನ್ನು ಬ್ರಷ್ ಮತ್ತು ಗಾಳಿಯಿಂದ ಪೂರ್ತಿ ಶುಚಿ ಮಾಡಬೇಕು. ಧೂಳು ಉಳಿದ ರಂಧ್ರದಲ್ಲಿ ಎಪಾಕ್ಸಿ ಹಿಡಿಯುವುದು ಧೂಳನ್ನು, ಕಾಂಕ್ರೀಟನ್ನಲ್ಲ. ಜಗಲಿಯ ಜಾಕೆಟ್ ಮಾಡಿದ ಪಿಲ್ಲರುಗಳಿಗೆ ಈ ಸಮಸ್ಯೆಯೇ ಇಲ್ಲ, ಜಾಕೆಟ್ಟಿನ ಕಂಬಿಯನ್ನೇ ಮೇಲಕ್ಕೆ ತೆಗೆದುಕೊಂಡು ಹೋಗಬಹುದು.

ಮೇಲೆ ಮತ್ತೆ ಕಂಬಿ ಬಿಡುವುದಿದ್ದರೆ ಉಜ್ಜಿ, ಎಸ್‌ಬಿಆರ್–ಸಿಮೆಂಟ್ ಸ್ಲರಿ ಎರಡು ಕೋಟ್ ಕೊಟ್ಟು, ಎಲ್ಲ ಕಂಬಿ ಸೇರಿಸಿ ಸುತ್ತ 75 ಮಿ.ಮೀ. ಬರುವಂತೆ ಮುಂದೆ ಒಡೆಯಲು ಬರುವ ಬಡ ಕಾಂಕ್ರೀಟಿನಲ್ಲಿ ಮುಚ್ಚಿ, ತಲೆಗೆ ಇಳಿಜಾರು ಕೊಡಿ. ಬಡ ಕಾಂಕ್ರೀಟ್ ಉಪ್ಪನ್ನು ಪೂರ್ತಿ ತಡೆಯದು, ಕೆಲವು ವರ್ಷದ ಮಟ್ಟಿಗೆ ಮಾತ್ರ.

ನವೆಂಬರಿನಲ್ಲಿ ಜಗಲಿ ಒಡೆಯಿರಿ, ಡಿಸೆಂಬರ್–ಜನವರಿಗೆ ಪಿಲ್ಲರ್ ಜಾಕೆಟ್, ಆಮೇಲೆ ಸ್ಲ್ಯಾಬ್. ಮೇಲಿನ ಗೋಡೆ ಏರುವ ಮೊದಲು ಜಾಕೆಟ್ಟಿಗೆ 28 ದಿನ ಸಿಗಲಿ. ಸಿಲೇನ್ ಮೇ ಮೊದಲ ವಾರದೊಳಗೆ ಮುಗಿಯಬೇಕು. ಜಗಲಿಯ ಹೊಸ ಸ್ಲ್ಯಾಬಿನ ಅಂಚಿನ ಅಡಿಗೆ ನೀರು ಒಳಕ್ಕೆ ಹರಿಯದಂತೆ 12 ಮಿ.ಮೀ. ಗೀರು ಬಿಡಿಸುವುದನ್ನು ಸೆಂಟ್ರಿಂಗ್ ಮಾಡುವಾಗಲೇ ಹೇಳಿ, ಆ ಜಾಗದಲ್ಲೂ ಕವರ್ 45 ಉಳಿಯುವಂತೆ ಕಂಬಿಯನ್ನು ಅಷ್ಟು ಮೇಲಕ್ಕೆ ಎತ್ತಿ ಕಟ್ಟಲಿ.